ಕಾರಖಾನೆಗಳೂ ನಮ್ಮ ಯಂತ್ರವಿದ್ಯಾರ್ಥಿಗಳೂ
(ರಾಯಚೂರಿನ ಸಭೆಯೊಂದರಲ್ಲಿ ಮಾಡಿದ ಭಾಷಣ)



ಯಂತ್ರಶಾಸ್ತ್ರದ ವಿದ್ಯಾರ್ಥಿಗಳು ತಮ್ಮ ಕೊನೆಯ ವರುಷದಲ್ಲಿ ಮಾಡಬೇಕಾದ ಪ್ರಾಜೆಕ್ಟುಗಳ ವಿಷಯದಲ್ಲಿ ಕಂಪನಿಗಳೂ ವಿದ್ಯಾಪೀಠಗಳೂ ಹೇಗೆ ಕೈಗೂಡಿಸಬೇಕೆಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ನಾವು ವಕೀಲರು. ಯಂತ್ರದ ಗುಟ್ಟು ನಮಗೆ ತಿಳಿಯದು; ಕರಾರುಪತ್ರದ ಗುಟ್ಟು ತಕ್ಕಮಟ್ಟಿಗೆ ತಿಳಿದಿದೆ. ಆದುದರಿಂದ ಎರಡೇ ಪ್ರಶ್ನೆಗಳನ್ನು ಹಿಡಿದು ಮಾತಾಡುವೆವು. ವಿದ್ಯಾರ್ಥಿಯು ಬಿಡಿಸತಕ್ಕ ಸಮಸ್ಯೆಯು ಎಲ್ಲಿಂದ ಬರಬೇಕು? ಅವನು ಅಥವಾ ಅವಳು ದುಡಿದು ಪಡೆದ ಫಲವು ಯಾರದಾಗಬೇಕು?

ಮೊದಲನೆಯ ಪ್ರಶ್ನೆಗೆ ಈಗ ನಡೆದಿರುವ ಉತ್ತರವನ್ನು ಎಲ್ಲರೂ ಬಲ್ಲಿರಿ. ಬಾಯಿಬಿಟ್ಟು ಹೇಳುವವರು ಮಾತ್ರ ಕಡಿಮೆ. ಪ್ರಾಜೆಕ್ಟಿನ ಕಾಲ ಬಂತೆಂದರೆ ನಮ್ಮ ಹುಡುಗರಲ್ಲಿ ಅನೇಕರು ರೈಲು ಹತ್ತಿ ಹೈದರಾಬಾದಿಗೋ ಬೆಂಗಳೂರಿಗೋ ಹೋಗುವರು. ಅಲ್ಲಿ ಪ್ರಾಜೆಕ್ಟುಗಳನ್ನು ಸಿದ್ಧಮಾಡಿ ಮಾರುವ ಅಂಗಡಿಗಳಿವೆ. ಹಣ ಕೊಟ್ಟರೆ ಯಂತ್ರವೂ ಸಿಕ್ಕುವದು, ವರದಿಯೂ ಸಿಕ್ಕುವದು, ಪರೀಕ್ಷಕರು ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರಗಳೂ ಸಿಕ್ಕುವವು. ಕಳೆದ ವರುಷ ಇನ್ನೊಂದು ಊರಿನವರು ಕೊಂಡ ವಸ್ತುವನ್ನೇ ಈ ವರುಷ ನಾವು ಕೊಳ್ಳುವೆವು. ಹೊಲ ಒತ್ತೆಯಿಟ್ಟು ಮಗನನ್ನು ಓದಿಸಿದ ತಂದೆಯು ಈ ಕೊನೆಯ ಖರ್ಚನ್ನೂ ಶಿಕ್ಷಣವೆಂದೇ ತಿಳಿದು ಕೊಡುತ್ತಾನೆ. ಇದರಲ್ಲಿ ಹುಡುಗರನ್ನೇ ಬೈದು ಪ್ರಯೋಜನವಿಲ್ಲ. ಬಿಡಿಸಲು ಅವರಿಗೆ ನಿಜವಾದ ಸಮಸ್ಯೆಯನ್ನು ಕೊಟ್ಟವರಾರು? ಕಾರಖಾನೆಯ ಬಾಗಿಲನ್ನು ತೆರೆದವರಾರು?

ಬಾಗಿಲುಗಳಂತೂ ದೂರವಿಲ್ಲ. ಸರಕಾರಿ ಇಂಜಿನಿಯರಿಂಗ್ ಕಾಲೇಜು ೨೦೦೭ರಲ್ಲಿ ಯರಮರಸ್ ಕ್ಯಾಂಪಿನಲ್ಲಿ ಸ್ಥಾಪಿತವಾಯಿತು. ಅದೇ ಯರಮರಸಿನ ಹೆಸರಿನಿಂದ ತಲಾ ೮೦೦ ಮೆಗಾವ್ಯಾಟಿನ ಎರಡು ಘಟಕಗಳುಳ್ಳ ಶಾಖೋತ್ಪನ್ನ ಕೇಂದ್ರವೂ ಎದ್ದಿದೆ. ಅದು ಕರ್ನಾಟಕ ವಿದ್ಯುತ್ ನಿಗಮವೂ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಯೂ ಕೂಡಿ ಕಟ್ಟಿದ ಕಂಪನಿಯದು. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ ೧೯೮೫ರಿಂದ ಬೆಳೆದುಬಂದ ಹಳೆಯ ಕೇಂದ್ರದಲ್ಲಿ ಎಂಟು ಘಟಕಗಳು, ಒಟ್ಟು ೧,೭೨೦ ಮೆಗಾವ್ಯಾಟು. ಲಿಂಗಸುಗೂರು ತಾಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿಯಿದೆ. ಇತ್ತ ೨೦೦೮ರಿಂದ ಕೃಷಿ ವಿಶ್ವವಿದ್ಯಾಲಯವಿದೆ, ಅದರಲ್ಲಿ ಕೃಷಿ ಇಂಜಿನಿಯರಿಂಗಿನ ಕಾಲೇಜೇ ಇದೆ. ೨೦೧೯ರಲ್ಲಿ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯೂ ಬಂದಿತು. ಹತ್ತಿಯ ಗಿರಣಿಗಳನ್ನೂ ಅಕ್ಕಿಯ ಗಿರಣಿಗಳನ್ನೂ ಎಣಿಸುವ ಗೊಡವೆ ಬೇಡ.

ಶಕ್ತಿನಗರದ ಬೂದಿಯನ್ನೇ ನೋಡಿರಿ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಹೆಚ್ಚು. ಸುಟ್ಟುದರಲ್ಲಿ ಸುಮಾರು ಮೂರರಲ್ಲೊಂದು ಪಾಲು ಬೂದಿಯಾಗಿ ಉಳಿಯುವದು. ಒಂದು ಭಾಗವು ಹೊಗೆಯೊಡನೆ ಹಾರುವ ನಯವಾದ ಹಾರುಬೂದಿ. ಅದನ್ನು ಸಿಮೆಂಟಿನವರು ಕೊಂಡೊಯ್ಯುವರು, ಇಟ್ಟಿಗೆ ಮಾಡುವವರು ಕೊಂಡೊಯ್ಯುವರು. ಇನ್ನೊಂದು ಭಾಗವು ಒಲೆಯ ತಳಕ್ಕೆ ಬೀಳುವ ದಪ್ಪ ಬೂದಿ. ಅದಕ್ಕೆ ಗಿರಾಕಿಗಳು ಅಷ್ಟಿಲ್ಲ. ಅದು ನೀರಿನೊಡನೆ ಹರಿದು ಕೆರೆಯಂಥ ಹೊಂಡ ಸೇರಿ, ಬೇಸಿಗೆಯಲ್ಲಿ ಒಣಗಿ, ಗಾಳಿ ಎದ್ದಾಗ ಸುತ್ತಲಿನ ಹಳ್ಳಿಗಳ ಅಂಗಳಕ್ಕೆ ಬರುವದು. ಕೇಂದ್ರ ಸರಕಾರವು ೨೦೨೧ನೆಯ ಡಿಸೆಂಬರ್ ೩೧ರ ಪ್ರಕಟಣೆಯಲ್ಲಿ ಎಲ್ಲ ಬೂದಿಯೂ ಉಪಯೋಗವಾಗತಕ್ಕದ್ದೆಂದು ವಿಧಿಸಿ, ಉಳಿದ ಬೂದಿಗೆ ಟನ್ನಿಗೆ ಸಾವಿರ ರೂಪಾಯಿಯ ದಂಡವನ್ನು ಗೊತ್ತುಪಡಿಸಿತು. ಅಂದಮೇಲೆ ಬೂದಿಯ ಸಮಸ್ಯೆಯು ಹಳ್ಳಿಗನಿಗೆ ಕಣ್ಣಿನ ಸಮಸ್ಯೆ, ಕೇಂದ್ರಕ್ಕೆ ಹಣದ ಸಮಸ್ಯೆ. ರಸ್ತೆಯ ತಳಹದಿಗೆ ಆ ದಪ್ಪ ಬೂದಿಯನ್ನು ನಮ್ಮ ಎರೆಮಣ್ಣಿನೊಡನೆ ಎಷ್ಟು ಬೆರಸಬಹುದು, ಎಷ್ಟು ಸುಣ್ಣ ಬೇಕು, ಮಳೆಗಾಲದಲ್ಲಿ ಉಬ್ಬುವ ಎರೆಯು ಆಗ ಎಷ್ಟು ಉಬ್ಬುವದು, ಇದನ್ನು ಅಳೆಯಲು ವಿದೇಶದ ಯಂತ್ರ ಬೇಡ. ಸಿವಿಲ್ ವಿಭಾಗದ ನಾಲ್ವರು ಹುಡುಗರು, ಕಾಲೇಜಿನ ಪ್ರಯೋಗಶಾಲೆ, ಕೇಂದ್ರದಿಂದ ಒಂದು ಲಾರಿ ಬೂದಿ, ಒಬ್ಬ ಅಧಿಕಾರಿಯ ವಾರಕ್ಕೆ ಒಂದು ಗಂಟೆಯ ವೇಳೆ, ಇಷ್ಟು ಸಾಕು. ಆ ಒಂದು ಗಂಟೆಯೇ ದುರ್ಲಭವೆಂದು ಹುಡುಗರು ಹೇಳುವರು.

ಈ ಕಡೆಯವರು ಯಂತ್ರವಿದ್ಯೆಗೆ ತಡವಾಗಿ ಬಂದವರೆಂಬುದನ್ನೂ ಮರೆಯಕೂಡದು. ನಿಜಾಮರ ಕಾಲದಲ್ಲಿ ಉಸ್ಮಾನಿಯಾ ವಿದ್ಯಾಪೀಠವು ೧೯೧೮ರಲ್ಲಿ ಹುಟ್ಟಿ ಉರ್ದುವನ್ನು ಬೋಧಭಾಷೆಯಾಗಿ ಹಿಡಿಯಿತು. ಪಾಠದ ಪುಸ್ತಕಗಳಿಗಾಗಿ ಭಾಷಾಂತರ ಶಾಖೆಯನ್ನೇ ನಡೆಸಿತು. ೧೯೨೯ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ ತೆರೆಯಿತು. ದೇಶಭಾಷೆಯಲ್ಲಿ ಉಚ್ಚ ವಿದ್ಯೆಯನ್ನು ಕಲಿಸಲಾಗದೆಂಬ ಮಾತನ್ನು ಅದು ಸುಳ್ಳುಮಾಡಿತೆಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಆದರೆ ಆ ಭಾಷೆಯು ರಾಯಚೂರಿನ ರೈತನ ಮನೆಯ ಭಾಷೆಯಾಗಿರಲಿಲ್ಲ. ೧೯೪೮ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ವಿಲೀನವಾಯಿತು. ೧೯೫೬ರಲ್ಲಿ ನಾವು ಕನ್ನಡಿಗರೊಡನೆ ಕೂಡಿದೆವು. ಅದರ ಬಳಿಕ, ೧೯೫೮ರಲ್ಲಿ, ಕಲಬುರ್ಗಿಯಲ್ಲಿ ಪೂಜ್ಯ ದೊಡ್ಡಪ್ಪ ಅಪ್ಪನವರ ಹೆಸರಿನ ಕಾಲೇಜು ಪ್ರಾರಂಭವಾಯಿತು. ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯನವರ ಉದ್ಯೋಗದಿಂದ ೧೯೧೭ರಲ್ಲಿಯೇ ಇಂಜಿನಿಯರಿಂಗ್ ಕಾಲೇಜು ತೆರೆದಿತ್ತು. ನಾಲ್ವತ್ತು ವರುಷಗಳ ಈ ಅಂತರವು ಕಾಗದದ ಮೇಲಿನದಲ್ಲ. ಬೆಂಗಳೂರಿನಲ್ಲಿ ೧೯೪೦ರಲ್ಲಿ ವಿಮಾನದ ಕಾರಖಾನೆ ಬಂದಿತು. ೧೯೪೨ರಲ್ಲಿ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಮಾನಶಾಸ್ತ್ರದ ವಿಭಾಗ ತೆರೆಯಿತು. ಎರಡು ಸಂಸ್ಥೆಗಳಲ್ಲಿಯೂ ದುಡಿದ ಘಾಟಗೆಯವರಂಥ ವಿದ್ವಾಂಸರಿದ್ದರು. ಕಾರಖಾನೆಯ ಪ್ರಶ್ನೆ ಪಾಠಶಾಲೆಗೆ ನಡೆದುಹೋಗುವಷ್ಟು ಹತ್ತಿರವಿತ್ತು. ನಮ್ಮಲ್ಲಿ ಹತ್ತಿರ ಇವೆ, ನಡೆದಾಟವಿಲ್ಲ.

ಹೊರದೇಶಗಳಲ್ಲಿ ಇದು ಹಳೆಯ ರೂಢಿ. ಅಮೇರಿಕೆಯ ಸಿನ್ಸಿನಾಟಿ ವಿದ್ಯಾಪೀಠದಲ್ಲಿ ಹರ್ಮನ್ ಷ್ನೈಡರ್ ಎಂಬ ಅಧ್ಯಾಪಕರು ೧೯೦೬ರಲ್ಲಿಯೇ ವಿದ್ಯಾರ್ಥಿಗಳನ್ನು ಕೆಲಕಾಲ ಕಾರಖಾನೆಯಲ್ಲಿ, ಕೆಲಕಾಲ ತರಗತಿಯಲ್ಲಿ, ಸರದಿಯಂತೆ ಇರಿಸುವ ಕ್ರಮವನ್ನು ಹಾಕಿದರು. ಕ್ಯಾಲಿಫೋರ್ನಿಯದ ಹಾರ್ವಿ ಮಡ್ ಎಂಬ ಚಿಕ್ಕ ಕಾಲೇಜಿನಲ್ಲಿ ೧೯೬೩ರಿಂದ ‘ಕ್ಲಿನಿಕ್’ ಎಂಬ ಪದ್ಧತಿಯುಂಟು. ವೈದ್ಯ ವಿದ್ಯಾರ್ಥಿಗೆ ರೋಗಿ ಹೇಗೋ ಹಾಗೆ ಯಂತ್ರವಿದ್ಯಾರ್ಥಿಗೆ ಕಂಪನಿಯ ಸಮಸ್ಯೆ. ಕಂಪನಿಯು ಶುಲ್ಕ ಕೊಡುವದು, ತನ್ನವನೊಬ್ಬನನ್ನು ಮಾತುಕತೆಗೆ ನೇಮಿಸುವದು. ನಾಲ್ಕೈದು ವಿದ್ಯಾರ್ಥಿಗಳು ವರುಷವಿಡೀ ಅದೊಂದನ್ನೇ ಹಿಡಿದು ದುಡಿಯುವರು. ಪೂರ್ಣ ಶುಲ್ಕ ತೆತ್ತ ಕಂಪನಿಗೇ ಫಲದ ಒಡೆತನ. ಅದು ಮೊದಲೇ ತಿಳಿದ ಕರಾರು, ಆದುದರಿಂದ ಜಗಳವಿಲ್ಲ. ನಮ್ಮ ನಾಡಿನಲ್ಲಿಯೂ ಏನೂ ನಡೆದಿಲ್ಲವೆಂದಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರವಿದ್ಯಾ ಮಂಡಳಿಯು ಎಪ್ಪತ್ತರ ದಶಕದ ಕೊನೆಯಿಂದಲೂ ಕೊನೆಯ ವರುಷದವರ ಪ್ರಾಜೆಕ್ಟುಗಳನ್ನು ಆರಿಸಿ ಧನಸಹಾಯ ಮಾಡುತ್ತಿದೆ. ಸಹಾಯದ ಮೊತ್ತ ಸಣ್ಣದು, ಆದರೆ ಅದರ ಅರ್ಜಿ ಬರೆಯುವಾಗಲಾದರೂ ಹುಡುಗನು ತನ್ನ ಕೆಲಸವು ಯಾರಿಗೆ ಬೇಕೆಂದು ಯೋಚಿಸಬೇಕಾಗುವದು. ಇನ್ಫೋಸಿಸ್ ಕಂಪನಿಯು ೨೦೦೪ರಲ್ಲಿ ‘ಕ್ಯಾಂಪಸ್ ಕನೆಕ್ಟ್’ ಎಂಬ ಯೋಜನೆಯನ್ನು ಹಾಕಿ ಕಾಲೇಜುಗಳ ಪಾಠವನ್ನು ತನ್ನ ಉದ್ಯೋಗಕ್ಕೆ ಹೊಂದಿಸಲು ಯತ್ನಿಸಿತು. ಅದರಿಂದ ಎಷ್ಟೋ ಮಕ್ಕಳಿಗೆ ನೌಕರಿ ದೊರೆಯಲು ಅನುಕೂಲವಾಯಿತೆಂಬುದನ್ನು ಅಲ್ಲಗಳೆಯೆವು. ಆದರೆ ನೌಕರಿಗೆ ಹುಡುಗರನ್ನು ತಯಾರಿಸುವದು ಬೇರೆ, ಊರಿನ ಕೆಲಸಕ್ಕೆ ಹುಡುಗರ ಬುದ್ಧಿಯನ್ನು ಹೂಡುವದು ಬೇರೆ. ಮೊದಲನೆಯದರಲ್ಲಿ ಹುಡುಗನು ಊರು ಬಿಡುವನು. ಎರಡನೆಯದರಲ್ಲಿ ಅವನು ಊರು ಬಿಟ್ಟರೂ ಅವನ ಕೆಲಸವಾದರೂ ಇಲ್ಲಿ ಉಳಿಯುವದು.

ಮಾನವಿಯವರು ಇಲ್ಲಿ ಬಹು ಜನ ಕುಳಿತಿದ್ದೀರಿ. ವಿಜಯದಾಸರು ಜಗನ್ನಾಥದಾಸರು ಹುಟ್ಟಿದ ಸೀಮೆಯದು, ನೆಲ್ಲಿನ ಸೀಮೆಯೂ ಹೌದು. ನೂರು ಕಿಲೋ ನೆಲ್ಲು ಗಿರಣಿಗೆ ಬಂದರೆ ಸುಮಾರು ಇಪ್ಪತ್ತು ಕಿಲೋ ಹೊಟ್ಟು ಹೊರಡುವದು. ಆ ಹೊಟ್ಟನ್ನೇ ಒಲೆಗೆ ಹಾಕಿ ನೆಲ್ಲು ಬೇಯಿಸುವರು, ಒಣಗಿಸುವರು. ಉಳಿಯುವದು ನಾಲ್ಕು ಕಿಲೋ ಬೂದಿ. ಆ ಬೂದಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲಿನಷ್ಟು ಸಿಲಿಕವಿರುವದು. ಒಲೆಯ ಬೆಂಕಿಯು ಹದವಾಗಿದ್ದರೆ ಅದು ಸಿಮೆಂಟಿನೊಡನೆ ಬೆರೆತು ಕಾಂಕ್ರೀಟನ್ನು ಗಟ್ಟಿಮಾಡುವದು; ಬೆಂಕಿಯು ಮೀರಿದರೆ ಹರಳುಗಟ್ಟಿ ಕೆಲಸಕ್ಕೆ ಬಾರದಾಗುವದು. ಹೀಗೆ ಗಿರಣಿಯ ಒಲೆಯ ಶಾಖವನ್ನು ಹದದಲ್ಲಿಡುವ ಒಂದು ಸಾಧನವು ತಿಪ್ಪೆಗೆ ಹೋಗುವ ವಸ್ತುವನ್ನು ಮಾರುವ ವಸ್ತುವಾಗಿ ಮಾಡಬಲ್ಲದು. ಇದು ನಾಲ್ವರು ವಿದ್ಯಾರ್ಥಿಗಳ ಒಂದು ವರುಷದ ಕೆಲಸ. ಒಬ್ಬ ಗಿರಣಿಯವನು ಖರ್ಚು ಹೊರಲಾರನೆಂದರೆ ಹತ್ತು ಗಿರಣಿಯವರು ಕೂಡಿ ಹೊರಬಹುದು. ಹಮಾಲಿಯ ದರ ಗೊತ್ತುಮಾಡಲು ಅವರು ಕೂಡುವದಿಲ್ಲವೇ?

ಅದೇ ಮಾನವಿಯ ಇನ್ನೊಂದು ಸಂಕಟ ನೀರಿನದು. ತುಂಗಭದ್ರೆಯ ಎಡದಂಡೆ ಕಾಲುವೆಯು ೨೨೭ ಕಿಲೋಮೀಟರು ಉದ್ದ. ಮಾನವಿ, ಸಿರವಾರ, ರಾಯಚೂರುಗಳು ಅದರ ಕೊನೆಯ ಭಾಗದವು. ಜಲಾಶಯದಲ್ಲಿಯೇ ಮೊದಲು ೧೩೩ ಟಿ.ಎಂ.ಸಿ.ಯಷ್ಟಿದ್ದ ನೀರಿನ ಎಡೆಯು ಹೂಳು ತುಂಬಿ ಸುಮಾರು ೧೦೫ಕ್ಕೆ ಇಳಿದಿದೆ. ೨೦೨೪ನೆಯ ಆಗಸ್ಟ್ ೧೦ರ ರಾತ್ರಿ ಹತ್ತೊಂಬತ್ತನೆಯ ಗೇಟು ಸರಪಳಿ ಹರಿದು ಕೊಚ್ಚಿಹೋದಾಗ ನಮ್ಮವರ ಎದೆ ನಡುಗಿದ್ದು ನೆನಪಿದೆಯಷ್ಟೆ. ಅದೇ ಹೊತ್ತಿನಲ್ಲಿ ಇನ್ನೊಂದು ಮಾತನ್ನೂ ವಿಚಾರಿಸಬೇಕು. ಯಾವ ಉಪಕಾಲುವೆಗೆ ಯಾವ ದಿನ ಎಷ್ಟು ನೀರು ಬಿಟ್ಟರೆಂಬುದನ್ನು ಕೊನೆಯ ಭಾಗದ ರೈತನು ತಿಳಿಯುವ ಬಗೆ ಯಾವದು? ಗ್ಯಾಂಗ್‌ಮನ್ನನ ಬಾಯಿಮಾತೇ ಪ್ರಮಾಣ. ನೀರಿನ ಮಟ್ಟವನ್ನು ತಾನಾಗಿಯೇ ಅಳೆದು ರೈತನ ಮೊಬೈಲಿಗೆ ಕನ್ನಡದಲ್ಲಿ ತಿಳಿಸುವ ಸಣ್ಣ ಸಾಧನವನ್ನು ನಮ್ಮ ಎಲೆಕ್ಟ್ರಾನಿಕ್ಸಿನ ಮಕ್ಕಳು ಮಾಡಲಾರರೇ? ಮಾಡಬಲ್ಲರು, ಅದನ್ನು ಕಾಲುವೆಯಲ್ಲಿ ನಿಲ್ಲಿಸಲು ಇಲಾಖೆಯ ಅಪ್ಪಣೆ ಬೇಕು, ಮೂರು ಮಳೆಗಾಲ ತಡೆಯುವಂತೆ ಕಟ್ಟಿಕೊಡಲು ಒಂದು ಕಂಪನಿಯ ಅನುಭವ ಬೇಕು.

ದೇವದುರ್ಗದವರ ಎದುರಿಗಿನ ದೃಷ್ಟಾಂತವು ಇನ್ನೂ ದೊಡ್ಡದು. ಕೃಷ್ಣೆಯ ಆಚೆ ನಾರಾಯಣಪುರ ಎಡದಂಡೆಯ ಕಾಲುವೆಯನ್ನು ಸುಮಾರು ೪,೭೦೦ ಕೋಟಿ ರೂಪಾಯಿಗಳಿಂದ ನವೀಕರಿಸಿ, ಗೇಟುಗಳನ್ನು ದೂರದಿಂದಲೇ ಗಣಕಯಂತ್ರದಿಂದ ಆಡಿಸುವ ಏರ್ಪಾಟು ಮಾಡಿ, ೨೦೨೩ನೆಯ ಜನವರಿ ೧೯ರಂದು ಕೊಡೇಕಲ್ಲಿನಲ್ಲಿ ಪ್ರಧಾನಮಂತ್ರಿಗಳಿಂದ ಉದ್ಘಾಟನೆ ಮಾಡಿಸಿದರು. ಕೆಲಸವು ದೊಡ್ಡದೇ. ಆದರೆ ಅಂಥ ಗೇಟು ಒಂದು ರಾತ್ರಿ ಕೆಟ್ಟರೆ ರಿಪೇರಿ ಬಲ್ಲವನು ನೂರು ಮೈಲು ದೂರದಿಂದ ಬರಬೇಕೋ, ಸುರಪುರ ದೇವದುರ್ಗಗಳಲ್ಲಿಯೇ ಇರಬೇಕೋ? ಕಟ್ಟುವ ಕಾಲದಲ್ಲಿ ಪ್ರತಿಯೊಂದು ವಿಭಾಗದಲ್ಲಿಯೂ ಇಬ್ಬರು ಮೂವರು ವಿದ್ಯಾರ್ಥಿಗಳನ್ನು ಪ್ರಾಜೆಕ್ಟಿನ ಹೆಸರಿನಿಂದ ಜೊತೆಗಿಟ್ಟುಕೊಳ್ಳತಕ್ಕದ್ದೆಂದು ಟೆಂಡರಿನಲ್ಲಿಯೇ ಒಂದು ಕಲಮು ಬರೆದರೆ ಸರಕಾರಕ್ಕೆ ಆಗುವ ಹೆಚ್ಚಿನ ಖರ್ಚು ಎಷ್ಟು? ಈಚೆಯ ದಂಡೆಯ ಬಲದಂಡೆ ಕಾಲುವೆಯ ಕೆಲಸಗಳಲ್ಲಿ ಈ ಕಲಮು ಬರಲೆಂದು ದೇವದುರ್ಗದ ಪ್ರತಿನಿಧಿಗಳು ಕೇಳಬೇಕು.

ಕಂಪನಿಗಳಿಗೆ ಇದರಲ್ಲಿ ಲಾಭವೇನೆಂದು ಕೇಳುವವರುಂಟು. ಲಾಭದ ಮಾತು ಹಾಗಿರಲಿ, ಕಾಯಿದೆಯ ಮಾತು ಹೇಳುವೆವು. ೨೦೧೩ರ ಕಂಪನಿ ಕಾಯಿದೆಯ ೧೩೫ನೆಯ ಕಲಮಿನಂತೆ, ೫೦೦ ಕೋಟಿಯ ನಿವ್ವಳ ಆಸ್ತಿಯಾಗಲಿ, ೧,೦೦೦ ಕೋಟಿಯ ವಹಿವಾಟಾಗಲಿ, ೫ ಕೋಟಿಯ ನಿವ್ವಳ ಲಾಭವಾಗಲಿ ಉಳ್ಳ ಕಂಪನಿಯು ಹಿಂದಿನ ಮೂರು ವರುಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡನ್ನು ಲೋಕೋಪಯೋಗಕ್ಕೆ ವ್ಯಯಿಸತಕ್ಕದ್ದು. ತಾನು ಉದ್ಯೋಗ ನಡೆಸುವ ಸ್ಥಳಕ್ಕೂ ಅದರ ಸುತ್ತಮುತ್ತಲಿಗೂ ಮೊದಲು ಗಮನ ಕೊಡತಕ್ಕದ್ದು. ತನ್ನ ವ್ಯಾಪಾರದ ಖರ್ಚನ್ನೇ ಧರ್ಮವೆಂದು ತೋರಿಸುವದಕ್ಕೆ ಅದರಲ್ಲಿ ಎಡೆಯಿಲ್ಲವೆಂಬುದು ನಿಜ. ಆದರೆ ಕೊನೆಯ ಭಾಗದ ಕಾಲುವೆಯ ನೀರಳೆಯುವ ಸಾಧನ, ಫ್ಲೋರೈಡು ತುಂಬಿದ ನಮ್ಮ ಬಾವಿನೀರನ್ನು ಶುದ್ಧಮಾಡುವ ಸಾಧನ, ಇವು ಯಾವ ಕಂಪನಿಯ ವ್ಯಾಪಾರದ ಖರ್ಚೂ ಅಲ್ಲವಷ್ಟೆ.

ಇನ್ನು ಎರಡನೆಯ ಪ್ರಶ್ನೆ. ದೇವದುರ್ಗ ತಾಲೂಕಿನ ಒಬ್ಬ ತರುಣನು ಹತ್ತಿಕಟಿಗೆಯನ್ನು ಬೇರುಸಹಿತ ಕೀಳುವ ಒಂದು ಯಂತ್ರವನ್ನು ಪ್ರಾಜೆಕ್ಟಿಗಾಗಿ ರಚಿಸಿದ್ದನು. ಅಪ್ಪನ ಹೊಲದಲ್ಲಿ ಸೊಂಟ ಬಗ್ಗಿಸಿ ಕಿತ್ತವನಿಗೆ ಆ ಕೆಲಸದ ನೋವು ಗೊತ್ತು. ಒಂದು ಕಂಪನಿಯು ಮೆಚ್ಚಿ ಕಬ್ಬಿಣವನ್ನೂ ಮೋಟಾರನ್ನೂ ಕೊಟ್ಟಿತು. ಕೊಡುವ ಹಿಂದಿನ ದಿನ ಏಳು ಪುಟದ ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿಸಿಕೊಂಡಿತು. ಆ ಕಾಗದವು ನಮ್ಮ ಮೇಜಿಗೆ ಬಂದಾಗ ಯಂತ್ರದ ನಕಾಶೆಗಳೆಲ್ಲ ಕಂಪನಿಯ ಪಾಲಾಗಿದ್ದವು; ಅಲ್ಲದೆ ಮೂರು ವರುಷ ಅಂಥ ಯಂತ್ರದ ಕೆಲಸವನ್ನು ಅವನು ಬೇರೆಲ್ಲಿಯೂ ಮಾಡಕೂಡದೆಂದು ಬರೆದಿತ್ತು. ಆ ಕಂಪನಿಯ ಹೆಸರು ಇಲ್ಲಿ ಬೇಡ. ನಾವು ಬರೆದ ಪತ್ರಕ್ಕೆ ಅವರು ಮೂರು ವರುಷದ ಕಲಮನ್ನು ಹೊಡೆದುಹಾಕಿದರು, ಏಕೆಂದರೆ ೧೮೭೨ರ ಕರಾರು ಕಾಯಿದೆಯ ೨೭ನೆಯ ಕಲಮಿನ ಮುಂದೆ ಅದು ನಿಲ್ಲುವಂಥದಲ್ಲ. ಒಬ್ಬನು ನ್ಯಾಯವಾದ ಉದ್ಯೋಗ ಮಾಡದಂತೆ ಕಟ್ಟಿಹಾಕುವ ಕರಾರು ಶೂನ್ಯ. ನಕಾಶೆಗಳ ವಿಷಯದಲ್ಲಿ ಮಾತ್ರ ಅವರು ಜಗ್ಗಲಿಲ್ಲ. ಸಹಿಯಾಗಿತ್ತು.

ತರುಣ ಮಿತ್ರರೇ, ಇದನ್ನು ಚೆನ್ನಾಗಿ ತಿಳಿಯಿರಿ. ೧೯೫೭ರ ಕೃತಿಸ್ವಾಮ್ಯದ ಕಾಯಿದೆಯಂತೆ ನಕಾಶೆಗೂ ವರದಿಗೂ ಗಣಕದ ಪ್ರೋಗ್ರಾಮಿಗೂ ಮೊದಲ ಒಡೆಯನು ಬರೆದವನೇ. ನೌಕರನೋ ಅಪ್ರೆಂಟಿಸನೋ ಆಗಿದ್ದು ಬರೆದರೆ ಮಾತ್ರ ಮಾಲಿಕನದು. ಪ್ರಾಜೆಕ್ಟಿನ ವಿದ್ಯಾರ್ಥಿಯು ನೌಕರನಲ್ಲ. ಆದುದರಿಂದ ನೀವು ಬರಹದಲ್ಲಿ ಸಹಿಮಾಡಿ ಕೊಡುವ ತನಕ ಅದು ನಿಮ್ಮದು. ಕೊಟ್ಟರೂ ಎಷ್ಟು ಕಾಲಕ್ಕೆಂದು ಬರೆಯದಿದ್ದರೆ ಐದೇ ವರುಷ. ಯಾವ ಸೀಮೆಗೆಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ೧೯೭೦ರ ಪೇಟೆಂಟು ಕಾಯಿದೆಯಂತೆ ಅರ್ಜಿ ಹಾಕುವ ಹಕ್ಕು ನಿಜವಾಗಿ ಮೊದಲು ಕಂಡುಹಿಡಿದವನಿಗೆ, ಇಲ್ಲವೇ ಅವನಿಂದ ಹಕ್ಕು ಪಡೆದವನಿಗೆ. ಹಕ್ಕನ್ನು ಮಾರಿದರೂ ಕಂಡುಹಿಡಿದವನೆಂದು ಹೆಸರು ಕಾಣಿಸಬೇಕೆಂದು ಕೇಳಬಹುದು. ಇನ್ನೊಂದು ಎಚ್ಚರಿಕೆ: ಅರ್ಜಿ ಹಾಕುವ ಮೊದಲೇ ಪ್ರದರ್ಶನದಲ್ಲಿಟ್ಟು ಪತ್ರಿಕೆಯಲ್ಲಿ ಚಿತ್ರ ಹಾಕಿಸಿದರೆ ಹೊಸತನ ಹೋಯಿತೆಂದು ಅರ್ಜಿ ಬೀಳಬಹುದು. ತಾತ್ಕಾಲಿಕ ವಿವರಣೆಯೊಡನೆ ಮೊದಲು ಅರ್ಜಿ ಹಾಕಿ, ಪೂರ್ಣ ವಿವರಣೆಗೆ ಹನ್ನೆರಡು ತಿಂಗಳ ಅವಧಿ ಪಡೆಯಿರಿ. ಹಾರತುರಾಯಿಗಳು ಅಷ್ಟು ದಿನ ಕಾಯುವವು. ಕಾಲೇಜಿನ ನಿಯಮಗಳೂ ಕೆಲವು ಹಕ್ಕುಗಳನ್ನು ಕೇಳುವದುಂಟು. ಅವನ್ನು ಓದಿಯೇ ಪ್ರಾಜೆಕ್ಟಿಗೆ ಕೈಹಚ್ಚಿರಿ.

ಕಂಪನಿಗಳನ್ನು ಹಗೆಗಳೆಂದು ನಾವು ಹೇಳುತ್ತಿಲ್ಲ. ಹಣ ಹಾಕಿದವನಿಗೆ ಪಾಲು ನ್ಯಾಯವೇ. ಎಲ್ಲ ಖರ್ಚನ್ನೂ ಹೊತ್ತವನಿಗೆ ಹೆಚ್ಚಿನ ಪಾಲೂ ನ್ಯಾಯವೇ. ಪಾಲು ಎಷ್ಟೆಂದು ಕೆಲಸಕ್ಕೆ ಮೊದಲೇ, ಹುಡುಗನಿಗೂ ಅವನ ಅಪ್ಪನಿಗೂ ತಿಳಿಯುವ ಮಾತಿನಲ್ಲಿ ಬರೆಯಬೇಕೆಂಬುದಷ್ಟೇ ನಮ್ಮ ಹಟ. ಭಾಷೆಯ ಪ್ರಶ್ನೆ ಇಲ್ಲಿಯೇ ಬರುವದು. ೨೦೨೧ರಲ್ಲಿ ಕನ್ನಡದಲ್ಲಿ ಇಂಜಿನಿಯರಿಂಗ್ ಕಲಿಸಲು ಅಖಿಲ ಭಾರತ ಮಂಡಳಿಯು ನಮ್ಮ ರಾಜ್ಯದ ಕೆಲವು ಕಾಲೇಜುಗಳಿಗೆ ಅನುಮತಿ ಕೊಟ್ಟಿತು; ಭಾಲ್ಕಿಯ ಕಾಲೇಜೂ ಅವುಗಳಲ್ಲೊಂದು. ಮುಂದೆ ಬಂದ ವಿದ್ಯಾರ್ಥಿಗಳು ಅತಿ ವಿರಳ. ನೌಕರಿ ಸಿಕ್ಕದೆಂಬ ಭಯ. ಆ ಭಯವನ್ನು ಭಾಷಣದಿಂದ ಹೋಗಲಾಡಿಸಲಾಗದು. ಆದರೆ ಇಡಿಯ ಪಾಠ ಇಂಗ್ಲಿಷಿನಲ್ಲಿ ನಡೆದರೂ ಪ್ರಾಜೆಕ್ಟಿನ ವರದಿಯ ಹತ್ತು ಪುಟವನ್ನಾದರೂ ಕನ್ನಡದಲ್ಲಿ ಬರೆಯುವದಕ್ಕೆ ಯಾವ ಭಯ ಅಡ್ಡಿ? ಯಂತ್ರವನ್ನು ನಡೆಸುವವನು ಗಿರಣಿಯ ಒಲೆಯ ಮುಂದೆ ನಿಂತ ಕೂಲಿಯವನು. ಅವನು ಓದಲಾರದ ವರದಿಯಿಂದ ಯಂತ್ರ ನಡೆಯದು.

ನಮ್ಮ ಕೋಟೆಯ ಗೋಡೆಯಲ್ಲಿ ೧೨೯೪ರ ಶಾಸನವುಳ್ಳ, ನಾಲ್ವತ್ತೊಂದು ಅಡಿಗೂ ಮಿಕ್ಕಿದ ಒಂದೇ ಕಲ್ಲಿದೆ. ಹೆಚ್ಚಿನವರು ಕಲ್ಲಿನ ಉದ್ದವನ್ನು ನೋಡಿ ಬರುವರು. ಅಲ್ಲಿಯೇ ಗೋಡೆಯ ಮೇಲೆ ಆ ಕಲ್ಲನ್ನು ಬಂಡಿಗೆ ಏರಿಸಿ ದನಗಳ ಸಾಲು ಕಟ್ಟಿ ಎಳೆತಂದ ಬಗೆಯನ್ನು ಗೆರೆಗಳಲ್ಲಿ ಕೊರೆದಿದ್ದಾರೆ. ಅಕ್ಷರ ಬಾರದವನೂ ಓದಬಲ್ಲ ವರದಿಯದು. ಕಟ್ಟಿದ್ದನ್ನು ಬಿಟ್ಟುಹೋದವರು ಬಹಳ ಜನ. ಕಟ್ಟಿದ ಬಗೆಯನ್ನು ಬಿಟ್ಟುಹೋದವರು ಅಪರೂಪ.

ಮಾತು ಬೆಳೆಯಿತು. ನಾವು ಬರಿಗೈಯಲ್ಲಿ ಬಂದಿಲ್ಲ. ಕಾಲೇಜು, ಕಂಪನಿ, ವಿದ್ಯಾರ್ಥಿ, ಈ ಮೂವರ ನಡುವೆ ಬರೆಯತಕ್ಕ ಒಂದು ಕರಾರಿನ ಕರಡನ್ನು ಕನ್ನಡದಲ್ಲಿ ನಾಲ್ಕು ಪುಟಗಳಾಗಿ ಬರೆದು ಅಧ್ಯಕ್ಷರ ಮೇಜಿನ ಮೇಲೆ ಇಟ್ಟಿದ್ದೇವೆ. ಸಮಸ್ಯೆಯನ್ನು ಸ್ಥಳದಲ್ಲಿ ತೋರಿಸಲು ಕಂಪನಿಯು ವಾರಕ್ಕೆ ಒಂದು ಗಂಟೆಗೆ ಒಬ್ಬ ಅಧಿಕಾರಿಯನ್ನು ಕೊಡತಕ್ಕದ್ದೆಂದೂ, ಹೆಣ್ಣುಮಕ್ಕಳನ್ನು ಆಫೀಸಿನಲ್ಲಿ ಕೂರಿಸದೆ ಬಾಯ್ಲರಿನ ತನಕ ಕರೆದೊಯ್ಯತಕ್ಕದ್ದೆಂದೂ, ಪೆಟ್ಟಾದರೆ ಔಷಧದ ಖರ್ಚು ಯಾರದೆಂದೂ, ಹಕ್ಕಿನ ಪಾಲು ಎಷ್ಟೆಷ್ಟೆಂದೂ ಅದರಲ್ಲಿದೆ. ಪಾಲಿನ ಅಂಕಿಗಳಿಗೆ ಜಾಗ ಖಾಲಿ ಬಿಟ್ಟಿದೆ. ಗಿರಣಿಯ ಮಾಲಿಕರೂ ಅಧ್ಯಾಪಕರೂ ಅದನ್ನು ಓದಿ ಒಪ್ಪದ ಕಲಮುಗಳ ಬದಿಯಲ್ಲಿ ತಮ್ಮ ಆಕ್ಷೇಪವನ್ನು ಬರೆದುಕೊಡಬೇಕು. ಮುಂದಿನ ಪ್ರಾಜೆಕ್ಟುಗಳ ಹಂಚಿಕೆಯಾಗುವ ಮೊದಲು ಅದನ್ನು ತಿದ್ದಿ ಮೂರು ಊರುಗಳಿಗೂ ಕಳಿಸುವೆವು.